ಪೆನ್ಸಿಲ್ ದಪ್ಪದ ರಿಲೇ: ಆರಿಸುವಾಗ ಮತ್ತು ವೈರಿಂಗ್ ಮಾಡುವಾಗ



ಹಾಳೆತಟ್ಟೆ ಯಂತ್ರದ ಮುಂದೆ ಕೂತು ಕೆಲಸ ಮಾಡಿದವರು ನಮ್ಮ ಸ್ವಸಹಾಯ ಸಂಘಗಳಲ್ಲಿ ತುಂಬ ಜನ ಇದ್ದೀರಿ. ನೆನೆಸಿ ತೊಳೆದ ಅಡಿಕೆ ಹಾಳೆಯನ್ನು ಬಿಸಿ ಅಚ್ಚಿನ ಮೇಲೆ ಇಟ್ಟು ಪೆಡಲ್ ತುಳಿದರೆ ಮೇಲಿನ ಅಚ್ಚು ಇಳಿಯುತ್ತದೆ, ಕಾಲು ತೆಗೆದರೆ ಏರುತ್ತದೆ. ಈ ಏರಿಳಿತಕ್ಕೆ ಅಪ್ಪಣೆ ಕೊಡುವುದು ಯಂತ್ರದ ಪಕ್ಕದಲ್ಲಿರುವ ತಗಡಿನ ಪೆಟ್ಟಿಗೆ, ಅಂದರೆ ಕಂಟ್ರೋಲ್ ಪ್ಯಾನೆಲ್. ಈಗ ಕೆಲವು ಸಂಘಗಳ ಸದಸ್ಯೆಯರು ಯಂತ್ರ ನಡೆಸುವುದಷ್ಟೇ ಅಲ್ಲ, ಇಂಥ ಪ್ಯಾನೆಲ್‌ಗಳ ಒಳಗಿನ ವೈರಿಂಗನ್ನೂ ಜಾಬ್ ವರ್ಕ್ ಆಗಿ ತಂದು ಮಾಡುತ್ತಿದ್ದೀರಿ. ಪಾರ್ಟಿಯವರು ಸಾಮಾನು ಮತ್ತು ಡ್ರಾಯಿಂಗ್ ಕೊಡುತ್ತಾರೆ, ನಾವು ಜೋಡಿಸಿ ಕೊಡುತ್ತೇವೆ. ಕೂತಲ್ಲಿ ಮಾಡುವ ಕೆಲಸ, ಕಣ್ಣು ಮತ್ತು ಕೈ ಚುರುಕಾಗಿದ್ದರೆ ಕಲಿಯಲಿಕ್ಕೆ ಕಷ್ಟ ಏನಿಲ್ಲ.

ಆ ಪ್ಯಾನೆಲ್‌ನಲ್ಲಿ ಸಾಲಾಗಿ ಕೂರುವ ಒಂದು ಸಣ್ಣ ಸಾಮಾನಿನ ಬಗ್ಗೆ ಈ ಸಲ ಬರೆಯುತ್ತಿದ್ದೇವೆ. ಬರೆಯಲು ಕಾರಣ ಉಂಟು.

ನಮ್ಮಲ್ಲಿ ವೈರಿಂಗ್ ಆಗಿ ಹೋದ ಒಂದು ಪ್ಯಾನೆಲ್ ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. "ಕಾಲು ತೆಗೆದ್ರೂ ಅಚ್ಚು ಏಳುದಿಲ್ಲ, ಒತ್ತಿಕೊಂಡೇ ಉಂಟು. ಕೆಂಪು ಬಟನ್ ಒತ್ತಿದ್ರೂ ಇಲ್ಲ. ಮೇನ್ ಆಫ್ ಮಾಡಿದ್ದೇವೆ, ಹಾಳೆ ಕರಟಿ ಹೊಗೆ ಬರ್ತಾ ಉಂಟು." ಅಚ್ಚು ಬಿಡಿಸಲಿಕ್ಕೆ ಮೆಕ್ಯಾನಿಕ್ ಬರಬೇಕಾಯಿತು. ಯಾರ ಕೈಯೂ ಒಳಗೆ ಇರಲಿಲ್ಲ. ಅದೊಂದು ದೊಡ್ಡದು.

ಪಾರ್ಟಿಯವರು ಸಹಜವಾಗಿ ನಮ್ಮ ವೈರಿಂಗ್ ಸರಿ ಇಲ್ಲ ಅಂದರು, ಬಿಲ್ ನಿಲ್ಲಿಸಿದರು. ನಾವು ಹೋಗಿ ಪ್ಯಾನೆಲ್ ತೆರೆದು ಒಂದೊಂದೇ ವೈರ್ ಎಳೆದು ನೋಡಿದೆವು. ಒಂದೂ ಸಡಿಲ ಇರಲಿಲ್ಲ. ವಾಲ್ವಿಗೆ ಕರೆಂಟ್ ಕೊಡುವ ರಿಲೇಯನ್ನು ಕಿತ್ತು ಕೈಯಲ್ಲಿ ಹಿಡಿದು ಮಲ್ಟಿಮೀಟರ್ ಇಟ್ಟರೆ 'ಬೀಪ್' ಅಂತ ಕೂಗಿತು. ಕರೆಂಟೇ ಇಲ್ಲದೆ ಬಿಚ್ಚಿಕೊಂಡಿರಬೇಕಾದ ಕಾಂಟ್ಯಾಕ್ಟ್ ಅಂಟಿಕೊಂಡು ಕೂತಿತ್ತು. ರಿಲೇ ಒಡೆದು ನೋಡಿದಾಗ ಒಂದು ಕಾಂಟ್ಯಾಕ್ಟ್‌ನಲ್ಲಿ ಗುಳಿ ಬಿದ್ದಿತ್ತು, ಎದುರಿನದರಲ್ಲಿ ಸಾಸಿವೆಯಂಥ ಗುಬುಟು ಬೆಳೆದಿತ್ತು. ಗುಬುಟು ಗುಳಿಯೊಳಗೆ ಸಿಕ್ಕಿಕೊಂಡಿತ್ತು.

ರಿಲೇ ಮಾಡುವ ಕೆಲಸ

ಮನೆಯಲ್ಲಿ ಅಜ್ಜಿ ಜಗಲಿಯಲ್ಲಿ ಕೂತು "ಆ ಅಕ್ಕಿ ಮೂಟೆ ಒಳಗೆ ಇಡಿ" ಅನ್ನುತ್ತಾರೆ. ಮೂಟೆ ಎತ್ತುವವರು ಬೇರೆ. ಅಜ್ಜಿಯೇ ಎತ್ತಲಿಕ್ಕೆ ಹೋದರೆ ಸೊಂಟ ಮುರಿಯುತ್ತದೆ. ಪ್ಯಾನೆಲ್‌ನಲ್ಲಿ ಪಿಎಲ್‌ಸಿ ಅಂದರೆ ಈ ಅಜ್ಜಿ. ಯಾವಾಗ ಏನಾಗಬೇಕು ಅಂತ ಅದಕ್ಕೆ ಗೊತ್ತು, ಭಾರ ಹೊರುವ ತಾಕತ್ತು ಇಲ್ಲ. ಸಾಮಾನ್ಯವಾಗಿ ಪಿಎಲ್‌ಸಿಯ ಒಂದು ಟ್ರಾನ್ಸಿಸ್ಟರ್ ಔಟ್‌ಪುಟ್ 24 ವೋಲ್ಟ್ ಡಿಸಿಯಲ್ಲಿ ಅರ್ಧ ಆಂಪಿಯರ್ ಮಾತ್ರ ಕೊಡಬಲ್ಲದು. ಹಾಳೆತಟ್ಟೆ ಯಂತ್ರದ ಹೈಡ್ರಾಲಿಕ್ ಸೊಲೆನಾಯ್ಡ್ ವಾಲ್ವ್ 30 ವ್ಯಾಟಿನದು ಅಂತಿಟ್ಟುಕೊಳ್ಳಿ. 30ನ್ನು 24ರಿಂದ ಭಾಗಿಸಿದರೆ ಒಂದೂಕಾಲು ಆಂಪಿಯರ್. ಪಿಎಲ್‌ಸಿಗೆ ನೇರ ಜೋಡಿಸಿದರೆ ಔಟ್‌ಪುಟ್ ಸುಟ್ಟು ಹೋಗುತ್ತದೆ, ಇಲ್ಲವೇ ಅದರ ರಕ್ಷಣಾ ವ್ಯವಸ್ಥೆ ಕರೆಂಟ್ ಕಡಿದು ಹಾಕುತ್ತದೆ.

ಹಾಗಾಗಿ ನಡುವೆ ಒಂದು ರಿಲೇ ಬೇಕು. ಅದರೊಳಗೆ ತಾಮ್ರದ ತಂತಿ ಸುತ್ತಿದ ಕಾಯಿಲ್ ಉಂಟು. ಪಿಎಲ್‌ಸಿಯಿಂದ ಏಳೆಂಟು ಮಿಲಿ ಆಂಪಿಯರ್ ಬಂದರೆ ಸಾಕು, ಕಾಯಿಲ್ ಅಯಸ್ಕಾಂತವಾಗಿ ಒಂದು ಪಟ್ಟಿಯನ್ನು ಎಳೆಯುತ್ತದೆ, 'ಟಿಕ್' ಅಂತ ಕಾಂಟ್ಯಾಕ್ಟ್ ಕೂಡುತ್ತದೆ. ಆ ಕಾಂಟ್ಯಾಕ್ಟ್ ಮೂಲಕ ವಾಲ್ವಿಗೆ ಬೇಕಾದ ಕರೆಂಟ್ ಬೇರೆ ದಾರಿಯಲ್ಲಿ ಹೋಗುತ್ತದೆ. ಕಾಯಿಲ್‌ಗೂ ಕಾಂಟ್ಯಾಕ್ಟ್‌ಗೂ ವಿದ್ಯುತ್ ಸಂಬಂಧ ಇಲ್ಲ. ಆಚೆ ಬದಿಯಲ್ಲಿ 230 ವೋಲ್ಟ್ ಇದ್ದರೂ ಈಚೆ ಬದಿಯ ಪಿಎಲ್‌ಸಿಗೆ ತಾಗುವುದಿಲ್ಲ. ಹೀಗೆ ಎರಡು ಬದಿಯನ್ನು ಕೂಡಿಸುವುದರಿಂದ ಇದಕ್ಕೆ ಕಪ್ಲಿಂಗ್ ರಿಲೇ ಅಂತ ಹೆಸರು. ಇಂಟರ್‌ಪೋಸಿಂಗ್ ರಿಲೇ, ಸ್ಲಿಮ್ ರಿಲೇ ಅಂತಲೂ ಕೇಳಿರುತ್ತೀರಿ. ಬೈಕಂಪಾಡಿಯಲ್ಲಿ ಕೇಳಿದರೂ ಪೀಣ್ಯದಲ್ಲಿ ಕೇಳಿದರೂ ಸ್ಲಿಮ್ ರಿಲೇ ಅಂದರೆ ಕೊಡುತ್ತಾರೆ. (ರಿಲೇ ಅನ್ನುವ ಮಾತು ದಾರಿಯಲ್ಲಿ ಬದಲಾಯಿಸುವ ಕುದುರೆಗಳಿಗೂ ಇತ್ತಂತೆ. ಒಂದು ಸುಸ್ತಾದರೆ ಹೊಸ ಕುದುರೆ. ಹಿಂದೆ ನಮ್ಮ ಅಂಚೆಯ ಓಟಗಾರರೂ ಹಾಗೇ ಚೀಲ ಕೈ ಬದಲಾಯಿಸುತ್ತಿದ್ದರು.)

ಇದರ ಅಗಲ 6.2 ಮಿ.ಮೀ., ಒಂದು ಪೆನ್ಸಿಲಿನಷ್ಟೂ ಇಲ್ಲ. ಹಳೆಯ ಚೌಕದ ರಿಲೇ ಬೇಸ್ ಸುಮಾರು 27 ಮಿ.ಮೀ. ಅಗಲ ಇರುತ್ತಿತ್ತು. ಹದಿನಾರು ಹಳೆಯವನ್ನು ಇಡಲು 43 ಸೆಂ.ಮೀ. ರೈಲು ಬೇಕಾದರೆ, ಹದಿನಾರು ಸ್ಲಿಮ್ ರಿಲೇಗಳು 10 ಸೆಂ.ಮೀ.ನಲ್ಲಿ ಕೂರುತ್ತವೆ. ಪೆಟ್ಟಿಗೆ ಚಿಕ್ಕದಾಗುತ್ತದೆ, ಪಾರ್ಟಿಗೆ ಖರ್ಚು ಕಮ್ಮಿ. ತೊಂದರೆ ಏನೆಂದರೆ ಎಲ್ಲವೂ ನೋಡಲು ಒಂದೇ ಥರ. ಅಂಚಿನ ಅಕ್ಷರ ಓದದೆ ಕೈ ಹಾಕಬಾರದು.

ದೀಪ ಉರಿಯುತ್ತದೆ, ಟಿಕ್ ಅನ್ನುವುದಿಲ್ಲ

ಮೊದಲು ಕಾಯಿಲ್ ಬದಿ. ಪಿಎಲ್‌ಸಿಯಿಂದ ಬರುವುದು 24 ವೋಲ್ಟ್ ಡಿಸಿ ಆದರೆ ರಿಲೇಯೂ 24 ವೋಲ್ಟ್ ಡಿಸಿಯದ್ದೇ ಬೇಕು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಸಂಗತಿ ಒಂದುಂಟು, ಅದನ್ನು ನಾವು ತರಬೇತಿಯ ದಿನವೇ ಕಲಿತದ್ದು.

ಸ್ಲಿಮ್ ರಿಲೇಯಲ್ಲಿ ಎರಡು ತುಂಡು. ಕೆಳಗೆ ಬೇಸ್, ಅದರೊಳಗೆ ಚುಚ್ಚುವ ಪುಟ್ಟ ರಿಲೇ. ಎಲ್‌ಇಡಿ ದೀಪ ಮತ್ತು ಕೆಲವು ಸಣ್ಣ ಭಾಗಗಳು ಬೇಸ್‌ನೊಳಗೇ ಇರುತ್ತವೆ. 230 ವೋಲ್ಟ್ ಬೇಸ್‌ನಲ್ಲಿ ಆ ಭಾಗಗಳು ವೋಲ್ಟೇಜ್ ಇಳಿಸಿ, ಡಿಸಿ ಮಾಡಿ ಕೊಡುತ್ತವೆ. ಹಾಗಾಗಿ ಹಲವು ಕಂಪನಿಗಳ 230 ವೋಲ್ಟ್ ಬೇಸ್‌ಗೆ ಚುಚ್ಚುವ ರಿಲೇಯ ಮೈಮೇಲೆ '60 ವೋಲ್ಟ್ ಡಿಸಿ' ಅಂತ ಬರೆದಿರುತ್ತದೆ. ತಪ್ಪು ಅಲ್ಲ, ಅದು ಸರಿಯಾದ ಜೋಡಿ.

ಆ ದಿನ ಏನಾಯಿತೆಂದರೆ, ಶುಚಿ ಮಾಡಲಿಕ್ಕೆ ಅಂತ ಎಲ್ಲ ರಿಲೇ ಕಿತ್ತು ಒಂದೇ ತಟ್ಟೆಯಲ್ಲಿ ಹಾಕಿದೆವು. ವಾಪಸ್ ಚುಚ್ಚುವಾಗ 60 ವೋಲ್ಟಿನ ಒಂದು ರಿಲೇ 24 ವೋಲ್ಟ್ ಬೇಸ್‌ಗೆ ಹೋಯಿತು. ಆಕಾರ ಒಂದೇ, ಸರಾಗ ಕೂತಿತು. ಕರೆಂಟ್ ಕೊಟ್ಟರೆ ದೀಪ ಚೆನ್ನಾಗಿ ಉರಿಯಿತು, ಆದರೆ ಮೋಟಾರ್ ತಿರುಗಲಿಲ್ಲ. ಮಧ್ಯಾಹ್ನದವರೆಗೆ ಮೋಟಾರನ್ನೇ ಬೈದೆವು. ದೀಪ ಬೇಸ್‌ನಲ್ಲಿದೆ, ಅದಕ್ಕೆ 24 ವೋಲ್ಟ್ ಸಿಕ್ಕಿದೆ, ಉರಿಯುತ್ತದೆ. ರಿಲೇಗೆ 24 ಸಾಲದು, ಎಳೆಯುವುದಿಲ್ಲ. "ದೀಪ ಅಲ್ಲ ಅಕ್ಕ, ಟಿಕ್ ಕೇಳ್ಬೇಕು" ಅಂತ ಅಂದು ಒಬ್ಬ ಸದಸ್ಯೆ ಹೇಳಿದ ಮಾತು ಈಗ ನಮ್ಮಲ್ಲಿ ಗಾದೆ ಆಗಿದೆ. ಇದರ ಉಲ್ಟಾ, ಅಂದರೆ 24ರ ರಿಲೇಯನ್ನು 230ರ ಬೇಸ್‌ಗೆ ಹಾಕುವುದೂ ತಪ್ಪು ಜೋಡಿ. ಆದ್ದರಿಂದ ಕಿತ್ತ ರಿಲೇಯನ್ನು ಅದರ ಬೇಸ್ ಪಕ್ಕದಲ್ಲೇ ಇಡಿ, ಒಟ್ಟು ಮಾಡಬೇಡಿ.

ಕಾಯಿಲ್ ಬದಿಯ ಇನ್ನೊಂದು ಉಪದ್ರ: 230 ವೋಲ್ಟ್ ಎಸಿ ಕಾಯಿಲ್‌ಗೆ ದೂರದಿಂದ ಉದ್ದ ಕೇಬಲ್ ಬಂದಿದ್ದರೆ, ಪಕ್ಕದ ವೈರ್‌ನಿಂದ ಸ್ವಲ್ಪ ಸೋರು ಕರೆಂಟ್ ಅದರಲ್ಲಿ ಉಳಿಯುತ್ತದೆ. ಸ್ವಿಚ್ ಆಫ್ ಮಾಡಿದರೂ ದೀಪ ಮಿಣಿ ಮಿಣಿ ಅನ್ನುತ್ತದೆ, ರಿಲೇ ಬಿಡುವುದೇ ಇಲ್ಲ. ಅಂಥ ಕಡೆಗೆಂದೇ ಸೋರು ಕರೆಂಟ್ ತಡೆಯುವ ಬೇಸ್ ಬರುತ್ತದೆ. ಪಾರ್ಟಿಯವರಿಗೆ ಹೇಳಿದರೆ ತರಿಸುತ್ತಾರೆ.

'6 ಆಂಪಿಯರ್' ಅಂತ ಬರೆದದ್ದನ್ನು ಓದುವುದು

ನಮ್ಮ ಅಂಟಿಕೊಂಡ ರಿಲೇಯ ಮೇಲೆ '6 ಆಂಪಿಯರ್, 250 ವೋಲ್ಟ್' ಅಂತ ಇತ್ತು. ನಮ್ಮ ವಾಲ್ವ್ ಒಂದೂಕಾಲು ಆಂಪಿಯರ್‌ನದು. ಹಾಗಾದರೆ ಯಾಕೆ ಹಾಳಾಯಿತು? ಇಲ್ಲಿಯೇ ವಿಷಯ ಇರುವುದು.

ಆ 6 ಆಂಪಿಯರ್ ಅನ್ನುವುದು ಎಸಿಯಲ್ಲಿ, ಹೀಟರಿನಂಥ ಸಾಧು ಭಾರಕ್ಕೆ. ಅದನ್ನು ಎಸಿ-1 ಅನ್ನುತ್ತಾರೆ. ಕಾಂಟ್ಯಾಕ್ಟರ್ ಕಾಯಿಲ್, ಎಸಿ ವಾಲ್ವ್ ಇಂಥವಕ್ಕೆ ಎಸಿ-15 ಅಂತ ಬೇರೆ ಅಂಕಿ, ಡಿಸಿ ವಾಲ್ವಿಗೆ ಡಿಸಿ-13 ಅಂತ ಇನ್ನೊಂದು. ಎರಡೂ 6ಕ್ಕಿಂತ ತುಂಬ ಕಮ್ಮಿ ಇರುತ್ತವೆ. 24 ವೋಲ್ಟ್ ಡಿಸಿ-13ರಲ್ಲಿ ಒಂದರಿಂದ ಎರಡು ಆಂಪಿಯರ್ ಇದ್ದರೆ ಹೆಚ್ಚು. ಡಿಸಿ ವೋಲ್ಟೇಜ್ ಏರಿದರಂತೂ ಇನ್ನೂ ಕಷ್ಟ. 110 ವೋಲ್ಟ್ ಡಿಸಿಯಲ್ಲಿ ಇದೇ ರಿಲೇ ಸಾಮಾನ್ಯ ಭಾರವನ್ನು ಕಡಿಯಲಿಕ್ಕೂ ಕಾಲು ಆಂಪಿಯರ್ ಆಸುಪಾಸಿಗೆ ಸುಸ್ತಾಗುತ್ತದೆ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುತ್ತದೆ, ಆಗ ಕಿಡಿ ತಾನೇ ಆರುತ್ತದೆ. ಡಿಸಿಗೆ ಹಾಗೆ ಬಿಡುವು ಇಲ್ಲ, ಕಿಡಿ ಎಳೆದುಕೊಂಡೇ ಹೋಗುತ್ತದೆ.

ಅದರ ಮೇಲೆ ವಾಲ್ವಿನ ಕಾಯಿಲ್‌ಗೆ ಒಂದು ಸ್ವಭಾವ ಉಂಟು. ಹರಿಯುವ ಕರೆಂಟನ್ನು ಥಟ್ಟನೆ ನಿಲ್ಲಿಸಿದರೆ ಅದು ಒಪ್ಪುವುದಿಲ್ಲ. ತುಂಬಿದ ಕೊಡ ಹೊತ್ತು ಓಡುವಾಗ ತಟಕ್ಕನೆ ನಿಂತರೆ ನೀರು ಮುಂದಕ್ಕೆ ಚೆಲ್ಲುವುದಿಲ್ಲವೇ, ಹಾಗೆ. 24 ವೋಲ್ಟಿನ ವಾಲ್ವ್ ಆ ಕ್ಷಣಕ್ಕೆ ನೂರಾರು ವೋಲ್ಟ್ ಎಸೆಯುತ್ತದೆ. ಅದು ರಿಲೇಯ ಕಾಂಟ್ಯಾಕ್ಟ್ ನಡುವೆ ಕಿಡಿಯಾಗಿ ಹಾರುತ್ತದೆ. ಪ್ರತಿ ಕಿಡಿಗೂ ಒಂದು ಕಡೆಯ ಲೋಹ ಚೂರು ಕರಗಿ ಎದುರು ಕಡೆಗೆ ಹೋಗಿ ಕೂರುತ್ತದೆ. ನಾವು ಕಂಡ ಗುಳಿ ಮತ್ತು ಗುಬುಟು ಅದೇ.

ಇದಕ್ಕೆ ಮದ್ದು ಬಹಳ ಸಣ್ಣದು. 1ಎನ್4007 ಅನ್ನುವ ಡಯೋಡನ್ನು ವಾಲ್ವಿನ ಎರಡು ವೈರ್‌ಗೆ ಅಡ್ಡ ಹಾಕಬೇಕು. ಬೆಳ್ಳಿ ಗೆರೆ ಇರುವ ತುದಿ ಪ್ಲಸ್ ಕಡೆ. ಆಗ ಆ ಚೆಲ್ಲುವ ಕರೆಂಟ್ ಡಯೋಡಿನೊಳಗೇ ಸುತ್ತಿ ಆರುತ್ತದೆ, ಕಿಡಿ ಹಾರುವುದಿಲ್ಲ. ಉಲ್ಟಾ ಹಾಕಿದರೆ ನೇರ ಶಾರ್ಟ್, ಫ್ಯೂಸ್ ಹೋಗುತ್ತದೆ. ಡಯೋಡ್ ಹಾಕಿದಾಗ ವಾಲ್ವ್ ಬಿಡುವುದು ಕಣ್ಣು ಮಿಟುಕಿಸುವಷ್ಟು ತಡವಾಗುತ್ತದೆ. ಅದೂ ಆಗಬಾರದೆಂಬ ಯಂತ್ರಕ್ಕೆ ವೇರಿಸ್ಟರ್ ಹಾಕುತ್ತಾರೆ. ಎಸಿ ವಾಲ್ವಿಗೆ, ಕಾಂಟ್ಯಾಕ್ಟರಿಗೆ ಡಯೋಡ್ ಆಗುವುದೇ ಇಲ್ಲ, ಅಲ್ಲಿ ಆರ್‌ಸಿ ಸ್ನಬ್ಬರ್ ಅಥವಾ ವೇರಿಸ್ಟರ್. ಯಾವುದೇ ಆದರೂ ರಿಲೇ ಹತ್ತಿರ ಅಲ್ಲ, ಭಾರದ ಹತ್ತಿರ ಇರಬೇಕು. ಕೆಲವರು "ಬೇಸ್‌ನಲ್ಲಿ ಡಯೋಡ್ ಉಂಟಲ್ಲ" ಅನ್ನುತ್ತಾರೆ. ಅದು ರಿಲೇಯ ಸ್ವಂತ ಕಾಯಿಲ್‌ಗೆ, ಪಿಎಲ್‌ಸಿಯನ್ನು ಕಾಯಲಿಕ್ಕೆ. ಆಚೆಯ ವಾಲ್ವಿಗೆ ಅದರಿಂದ ಪ್ರಯೋಜನ ಇಲ್ಲ.

ನಮ್ಮ ಡ್ರಾಯಿಂಗ್‌ನಲ್ಲಿ ಆ ಡಯೋಡ್ ಇರಲಿಲ್ಲ. ನಾವು ಕೇಳಲೂ ಇಲ್ಲ. ಒಂದು ಚಾಕಲೇಟಿನ ಬೆಲೆಯ ಸಾಮಾನು. ಬಿಲ್ ವಿಷಯದಲ್ಲಿ ಇದನ್ನೇ ಪಾರ್ಟಿಯವರ ಮುಂದೆ ಇಟ್ಟೆವು, ಸ್ವಲ್ಪ ಮಾತು ಬೆಳೆಯಿತು, ಕೊನೆಗೆ ಅವರೂ ಒಪ್ಪಿದರು.

ಆಯುಸ್ಸಿನ ಲೆಕ್ಕ

ಉಳಿತಾಯ ಪುಸ್ತಕ ಬರೆಯುವವರಿಗೆ ಈ ಲೆಕ್ಕ ಕಷ್ಟ ಅಲ್ಲ. ಭಾರ ಇಲ್ಲದೆ ಬರೇ ಟಿಕ್ ಟಿಕ್ ಅಂದರೆ ರಿಲೇ ಒಂದು ಕೋಟಿ ಸಲ ಬಾಳುತ್ತದೆ. ಪೂರ್ತಿ ಭಾರ ಹೊತ್ತರೆ ಅರುವತ್ತು ಸಾವಿರದಿಂದ ಲಕ್ಷದ ಲೆಕ್ಕ. ನಮ್ಮ ಯಂತ್ರ 20 ಸೆಕೆಂಡಿಗೆ ಒಂದು ತಟ್ಟೆ ಒತ್ತಿದರೆ ಗಂಟೆಗೆ 180, ಎಂಟು ಗಂಟೆಗೆ 1,440. ಲಕ್ಷ ಮುಟ್ಟಲು 70 ಕೆಲಸದ ದಿನ ಸಾಕು. ಎರಡು ತಿಂಗಳಿಗೆ ಫೋನ್ ಬಂದದ್ದರಲ್ಲಿ ಆಶ್ಚರ್ಯ ಏನೂ ಇರಲಿಲ್ಲ!

ಭಾರ ಕಮ್ಮಿ ಇದ್ದಷ್ಟೂ, ಕಿಡಿ ಆರಿಸಿದಷ್ಟೂ ಆಯುಸ್ಸು ಹೆಚ್ಚುತ್ತದೆ. ಆದರೂ ದಿನವಿಡೀ ಟಿಕ್ ಅನ್ನುವ ಜಾಗಕ್ಕೆ ಒಳಗೆ ಪಟ್ಟಿಯೇ ಇಲ್ಲದ, ಎಲೆಕ್ಟ್ರಾನಿಕ್ ಸ್ಲಿಮ್ ರಿಲೇ ಒಳ್ಳೆಯದು. ಅದೇ ಅಗಲ, ಸವೆಯುವ ಕಾಂಟ್ಯಾಕ್ಟ್ ಇಲ್ಲ. ಡಿಸಿಯದ್ದು ಡಿಸಿಗೇ, ಎಸಿಯದ್ದು ಎಸಿಗೇ. ಅದಕ್ಕೂ ಡಯೋಡ್ ಬೇಕು. ಅಚ್ಚಿನ ಹೀಟರ್ ಒಂದು ಕಿಲೋವ್ಯಾಟ್ ಇದ್ದರೆ ನಾಲ್ಕು ಆಂಪಿಯರ್‌ಗಿಂತ ಸ್ವಲ್ಪ ಮೇಲೆ, ಲೆಕ್ಕಕ್ಕೆ 6ರೊಳಗೆ ಬರುತ್ತದೆ. ಆದರೆ ನಾವು ಹೀಟರಿಗೆ ಸ್ಲಿಮ್ ರಿಲೇ ನೇರ ಹಾಕುವುದಿಲ್ಲ. ರಿಲೇಯಿಂದ ಕಾಂಟ್ಯಾಕ್ಟರ್, ಕಾಂಟ್ಯಾಕ್ಟರಿನಿಂದ ಹೀಟರ್. ಅದು ನಮ್ಮ ಹಠ ಅಂತಲೇ ಇಟ್ಟುಕೊಳ್ಳಿ.

ತೀರಾ ಸಣ್ಣ ಕರೆಂಟಿಗೂ ಸಾಮಾನ್ಯ ರಿಲೇ ಆಗುವುದಿಲ್ಲ. ಕೆಲವೇ ಮಿಲಿ ಆಂಪಿಯರ್ ಹೋಗುವ ಸಿಗ್ನಲ್‌ಗೆ ಬೆಳ್ಳಿಯ ಕಾಂಟ್ಯಾಕ್ಟ್ ಮೇಲೆ ಕೂತ ಕಿಲುಬೇ ಅಡ್ಡ ಬರುತ್ತದೆ. ಅಲ್ಲಿಗೆ ಚಿನ್ನದ ಲೇಪದ ಕಾಂಟ್ಯಾಕ್ಟ್ ಬೇಕು. ಒಮ್ಮೆ ಅದರಲ್ಲಿ ವಾಲ್ವ್ ಓಡಿಸಿದರೆ ಚಿನ್ನ ಸುಟ್ಟು ಹೋಗಿ ಮತ್ತೆ ಸಿಗ್ನಲ್ ಕೆಲಸಕ್ಕೆ ಬಾರದು.

ವೈರಿಂಗ್ ಮಾಡುವಾಗ

ಎ1, ಎ2 ಕಾಯಿಲ್‌ನವು. ಎ1ಕ್ಕೆ ಪಿಎಲ್‌ಸಿಯ ಪ್ಲಸ್, ಎ2ಕ್ಕೆ ಸೊನ್ನೆ ವೋಲ್ಟ್. ಬೇಸ್‌ನಲ್ಲಿ ದೀಪ ಮತ್ತು ಡಯೋಡ್ ಇರುವುದರಿಂದ ಡಿಸಿಯಲ್ಲಿ ಅದಲು ಬದಲು ಆದರೆ ರಿಲೇ ಎಳೆಯದೆ ಹೋಗಬಹುದು. 11 ಅನ್ನುವುದು ಕಾಂಟ್ಯಾಕ್ಟಿನ ಕಾಮನ್. 12 ಸುಮ್ಮನಿರುವಾಗ ಕೂಡಿರುವುದು, 14 ರಿಲೇ ಎಳೆದಾಗ ಕೂಡುವುದು. 12 ಮತ್ತು 14 ಅದಲು ಬದಲಾದರೆ ಪ್ಯಾನೆಲ್ ಆನ್ ಮಾಡಿದ ಕೂಡಲೇ ಅಚ್ಚು ತಾನಾಗಿ ಇಳಿಯುತ್ತದೆ. ಇದನ್ನು ಯಾರೂ ಎರಡನೇ ಸಲ ಮಾಡುವುದಿಲ್ಲ.

ಒಂದೇ ಸಾಲಿನ ಎ2ಗಳನ್ನೆಲ್ಲ ಬಾಚಣಿಗೆಯಂಥ ಪ್ಲಾಸ್ಟಿಕ್ ಜಂಪರ್‌ನಿಂದ ಕೂಡಿಸಬಹುದು, ಹದಿನೈದು ವೈರ್ ತುಂಡು ಉಳಿಯುತ್ತದೆ. 11ಗಳನ್ನೂ ಕೂಡಿಸಬಹುದು, ಆದರೆ ಆ ಸಾಲಿನ ಎಲ್ಲ 11ಕ್ಕೂ ಒಂದೇ ಸಪ್ಲೈ ಇದ್ದರೆ ಮಾತ್ರ. 24 ವೋಲ್ಟಿನ ವಾಲ್ವ್ ರಿಲೇ ಪಕ್ಕದಲ್ಲೇ 230 ವೋಲ್ಟಿನ ಕಾಂಟ್ಯಾಕ್ಟರ್ ರಿಲೇ ಇದ್ದರೆ ಜಂಪರನ್ನು ಅಲ್ಲಿಗೆ ಕತ್ತರಿಸಿ, ನಡುವೆ ತಡೆ ಪ್ಲೇಟ್ ಹಾಕಿ. ಅಕ್ಕಪಕ್ಕದ ರಿಲೇಗಳಿಗೆ ಬೇರೆ ಬೇರೆ ಫೇಸ್ ಬಂದರೂ ಪ್ಲೇಟ್ ಬೇಕೇ ಬೇಕು, ಅವುಗಳ ನಡುವೆ 400 ವೋಲ್ಟ್ ಇರುತ್ತದೆ. ಜಂಪರ್ ಎಷ್ಟು ಆಂಪಿಯರ್‌ನದು ಅಂತಲೂ ನೋಡಿ. ಎಲ್ಲ ಭಾರಗಳ ಮೊತ್ತ ಅದೊಂದರ ಮೇಲೆ ಬೀಳುತ್ತದೆ.

ವೈರಿನ ತುದಿಗೆ ಫೆರೂಲ್ ಹಾಕದೆ ಸ್ಕ್ರೂ ಕೊಡಬೇಡಿ. ಎಳೆಗಳು ಹರಡಿಕೊಂಡರೆ ಪಕ್ಕದ ರಿಲೇ ಆರು ಮಿ.ಮೀ. ದೂರದಲ್ಲೇ ಉಂಟು. ವೈರ್ ಎಷ್ಟು ಸುಲಿಯಬೇಕು ಅಂತ ಬೇಸ್‌ನ ಬದಿಯಲ್ಲಿ ಬರೆದಿರುತ್ತದೆ. ಕಮ್ಮಿ ಸುಲಿದರೆ ಸ್ಕ್ರೂ ಪ್ಲಾಸ್ಟಿಕ್ ಮೇಲೆ ಕೂತು 'ಟೈಟ್ ಆಯ್ತು' ಅನ್ನಿಸುತ್ತದೆ, ಒಳಗೆ ತಾಮ್ರ ತಾಗಿರುವುದಿಲ್ಲ. ಸ್ಕ್ರೂ ಕೊಟ್ಟ ಮೇಲೆ ಪ್ರತಿ ವೈರನ್ನೂ ಒಮ್ಮೆ ಮೆಲ್ಲಗೆ ಎಳೆಯಿರಿ. ಸ್ಕ್ರೂ ಸಣ್ಣದು, ಕಡಗ ತಿರುಪಿದ ಹಾಗೆ ತಿರುಪಬೇಡಿ, ತಲೆ ಹಾರುತ್ತದೆ. ವೈರಿನ ಬಣ್ಣ ಡ್ರಾಯಿಂಗ್‌ನಲ್ಲಿ ಹೇಳಿದಂತೆಯೇ ಇರಲಿ, ರೋಲ್ ಮುಗಿಯಿತು ಅಂತ ಬೇರೆ ಬಣ್ಣ ಹಾಕುವುದು ಬೇಡ. 24 ವೋಲ್ಟಿನ ವೈರ್ ಒಂದು ಡಕ್ಟ್, 230ರದ್ದು ಇನ್ನೊಂದು. ರಿಲೇಯ ಒಂದು ಬದಿಯಲ್ಲಿ ಕಾಯಿಲ್, ಇನ್ನೊಂದು ಬದಿಯಲ್ಲಿ ಕಾಂಟ್ಯಾಕ್ಟ್ ಇಟ್ಟಿರುವುದೇ ಅದಕ್ಕೆ.

ಮುಗಿದ ಮೇಲೆ ಕರೆಂಟ್ ಕೊಡುವ ಮೊದಲು ಮಲ್ಟಿಮೀಟರ್ ಇಡಿ. 11-12 ಕೂಗಬೇಕು, 11-14 ಸುಮ್ಮನಿರಬೇಕು. ಅಡ್ಡ ದಾರಿಯಿಂದ ಸುಳ್ಳು ಬೀಪ್ ಬರುವ ಅನುಮಾನ ಇದ್ದರೆ 11ರ ವೈರ್ ಬಿಡಿಸಿ ನೋಡಿ. ಆಮೇಲೆ ಕಾಂಟ್ಯಾಕ್ಟ್ ಬದಿಗೆ ಏನೂ ಕೊಡದೆ ಬರೇ 24 ವೋಲ್ಟ್ ಸಪ್ಲೈ ಕೊಟ್ಟು ಒಂದೊಂದೇ ರಿಲೇ ಎಳೆಸಿ. ದೀಪ, ಟಿಕ್, ಮೀಟರಿನ ಕೂಗು, ಮೂರೂ ಬಂದರೆ ಪಟ್ಟಿಯಲ್ಲಿ ಗುರುತು ಹಾಕಿ. 230 ವೋಲ್ಟ್ ಕೊಡುವುದು ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ ಬಂದ ಮೇಲೆಯೇ.

ಕೆಂಪು ಬಟನ್

ಆ ದಿನ ಕೆಂಪು ಬಟನ್ ಒತ್ತಿದರೂ ಅಚ್ಚು ಏಳಲಿಲ್ಲ ಅಂದೆವಲ್ಲ. ಬಟನ್ ಸರಿಯಾಗಿಯೇ ಇತ್ತು. ಅದು ಪಿಎಲ್‌ಸಿಗೆ ಸುದ್ದಿ ಮುಟ್ಟಿಸಿತು, ಪಿಎಲ್‌ಸಿ ರಿಲೇಯ ಕಾಯಿಲ್ ಬಿಟ್ಟಿತು. ಆದರೆ ಕಾಂಟ್ಯಾಕ್ಟ್ ಅಂಟಿಕೊಂಡಿತ್ತು, ಕರೆಂಟ್ ಹೋಗುತ್ತಲೇ ಇತ್ತು. ಅಜ್ಜಿ ನಿಲ್ಲಿಸಿ ಅಂದರು, ಮೂಟೆ ಹೊತ್ತವನಿಗೆ ಕೇಳಲಿಲ್ಲ. ಎಷ್ಟು ಒಳ್ಳೆಯ ಸ್ಲಿಮ್ ರಿಲೇ ಆದರೂ ಒಂದು ದಿನ ಅಂಟಬಹುದು. ಆದ್ದರಿಂದ ಕೈ ಹೋಗುವ ಜಾಗದ ಯಂತ್ರದಲ್ಲಿ ಕೆಂಪು ಬಟನ್ ಬರೇ ಪಿಎಲ್‌ಸಿಗೆ ಹೋಗಿದ್ದರೆ ಆ ಕೆಲಸ ಒಪ್ಪಿಕೊಳ್ಳಬೇಡಿ. ಬಟನ್ ಒತ್ತಿದಾಗ 11ಕ್ಕೆ ಬರುವ ಸಪ್ಲೈಯೇ ಕಡಿಯಬೇಕು. ಒತ್ತುವ ಯಂತ್ರಗಳಿಗೆ ಇದಕ್ಕಾಗಿಯೇ ಸೇಫ್ಟಿ ರಿಲೇ ಅಂತ ಬೇರೆ ಬರುತ್ತದೆ. ಅದರಲ್ಲಿ ಎರಡು ಕಾಂಟ್ಯಾಕ್ಟ್ ಒಂದರ ಹಿಂದೆ ಒಂದು ಇರುತ್ತವೆ, ಒಂದು ಅಂಟಿದರೂ ಇನ್ನೊಂದು ಕಡಿಯುತ್ತದೆ, ಮುಂದಿನ ಸಲ ಯಂತ್ರ ಶುರುವಾಗಲು ಬಿಡುವುದಿಲ್ಲ. ಅದರ ಜಾಗದಲ್ಲಿ ಸ್ಲಿಮ್ ರಿಲೇ ಹಾಕಿ ಅಂತ ಯಾರು ಹೇಳಿದರೂ, ಅವಸರ ಎಷ್ಟೇ ಇದ್ದರೂ, ಇಲ್ಲ ಅನ್ನಿ.

ಆ ಪ್ಯಾನೆಲನ್ನು ವಾಪಸ್ ತಂದು ವಾಲ್ವಿಗೆ ಎಲೆಕ್ಟ್ರಾನಿಕ್ ರಿಲೇ, ಡಯೋಡ್, ಜೊತೆಗೆ ಸೇಫ್ಟಿ ರಿಲೇ ಹಾಕಿ ಕೊಟ್ಟೆವು. ಸಾಮಾನು ಪಾರ್ಟಿಯದು, ಕೂಲಿ ನಾವು ತೆಗೆದುಕೊಳ್ಳಲಿಲ್ಲ. ಈಗ ಹೊಸ ಡ್ರಾಯಿಂಗ್ ಬಂದರೆ ಸಂಘದ ಸಭೆಯಲ್ಲಿ ಕೂತು ನಾಲ್ಕು ವಿಷಯ ಕೇಳಿ ಬರೆಸಿಕೊಳ್ಳುತ್ತೇವೆ: ಪ್ರತಿ ರಿಲೇಯ ಆಚೆ ಏನುಂಟು, ಅದು ಎಸಿಯೋ ಡಿಸಿಯೋ ಮತ್ತು ಎಷ್ಟು ಆಂಪಿಯರ್, ಗಂಟೆಗೆ ಎಷ್ಟು ಸಲ ಓಡುತ್ತದೆ, ಕೆಂಪು ಬಟನ್ ಯಾವುದನ್ನು ಕಡಿಯುತ್ತದೆ. ಉತ್ತರಕ್ಕೆ ಪಾರ್ಟಿಯವರ ಸಹಿ ಹಾಕಿಸಿ ಡ್ರಾಯಿಂಗ್ ಜೊತೆಗೇ ಫೈಲ್ ಮಾಡುತ್ತೇವೆ. ಒಬ್ಬರು ಸಹಿ ಹಾಕಲು ಒಪ್ಪದೆ ಕೆಲಸ ಬೇರೆ ಕಡೆ ಕೊಟ್ಟರು, ಇರಲಿ.

ಒಡೆದ ಆ ರಿಲೇ ನಮ್ಮ ತರಬೇತಿ ಕೋಣೆಯ ಡಬ್ಬಿಯಲ್ಲಿ ಉಂಟು. ಮುಂದಿನ ತರಬೇತಿಗೆ ಬರುವವರು ಭೂತಗನ್ನಡಿಯಲ್ಲಿ ಅದರ ಗುಳಿ, ಗುಬುಟು ನೋಡಬಹುದು. ಬರುವಾಗ ನಿಮ್ಮ ಸಂಘದ ಸಣ್ಣ ಸ್ಕ್ರೂಡ್ರೈವರ್ ಮತ್ತು ಫೆರೂಲ್ ಒತ್ತುವ ಇಕ್ಕಳ ತನ್ನಿ.